ಎಡಗೈ ಹೆಬ್ಬೆಟ್ಟಿನ ಗುರುತು

ಜನವರಿ ೯

ಚಿರಂಜೀವಿ ಮಸಿಕುಡಿಕೆಗೆ ದೊಡ್ಡಪ್ಪ ಬರೆದು ತಿಳಿಯಪಡಿಸುವುದು.

ವಿಷಯ: ಹತ್ತು ಬೆರಳುಗಳ ಅಚ್ಚು ಕೋರಿ ನೀನು ಬರೆದ ಪತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸುವುದೇನೆಂದರೆ, ನಿನ್ನ ಲಕೋಟೆಯೂ, ಅದರೊಂದಿಗೆ ಕಳುಹಿಸಿದ ದಪ್ಪ ಕಾಗದದ ಕಾರ್ಡುಗಳೂ, ಕರಿಮಸಿಯ ಪುಟ್ಟ ಡಬ್ಬಿಯೂ ಸುಸ್ಥಿತಿಯಲ್ಲಿ ತಲುಪಿದವು. ಅಂಚೆಯವನು ಡಬ್ಬಿಯನ್ನು ಅಲ್ಲಾಡಿಸಿ ನೋಡಿ, "ಏನ್ ಸಾರ್, ಕೂದಲಿಗಾ, ಬೂಟಿಗಾ?" ಎಂದು ಕೇಳಿದ. ಅವನಿಗೆ ಉತ್ತರ ಕೊಡುವ ಅಗತ್ಯ ಕಾಣಲಿಲ್ಲ.

ನಿನ್ನ ಪತ್ರದ ಸಾರಾಂಶವನ್ನು ನಾನು ಗ್ರಹಿಸಿರುವುದು ಹೀಗೆ. ನೀನು ಕಾಲೇಜಿನಲ್ಲಿ ಮೇಲಿನ ಪದವಿಗಾಗಿ ಒಂದು ಅಧ್ಯಯನ ಕೈಗೊಂಡಿರುವೆ. ಶಿಕ್ಷೆಗೊಳಗಾಗಿ ಸೆರೆಮನೆಯಲ್ಲಿರುವವರ ಬೆರಳ ಗೆರೆಗಳನ್ನೂ, ಸೆರೆಮನೆಯ ಬಾಗಿಲು ಕಾಣದ ಸಾಮಾನ್ಯ ಜನರ ಬೆರಳ ಗೆರೆಗಳನ್ನೂ ಅಕ್ಕಪಕ್ಕ ಇಟ್ಟು, ಅವುಗಳ ವಿನ್ಯಾಸದಲ್ಲಿ ಭೇದವುಂಟೋ ಇಲ್ಲವೋ ನೋಡುವುದು ಅದರ ಉದ್ದೇಶ. ಒಳಗಿನ ಮುದುಕರು ನಿನಗೆ ಬೇಕಾದಷ್ಟು ಸಿಕ್ಕಿದ್ದಾರೆ, ಹೊರಗಿನ ಮುದುಕರು ಸಾಲದಾಗಿದ್ದಾರೆ. ಆದಕಾರಣ ಎಪ್ಪತ್ತು ದಾಟಿದ, ಯಾವ ನ್ಯಾಯಾಲಯವೂ ಶಿಕ್ಷಿಸದ ದೊಡ್ಡಪ್ಪನ ಬೆರಳುಗಳು ನಿನಗೆ ಬೇಕಾಗಿವೆ.

ಸದರಿ ಕೋರಿಕೆಯನ್ನು ಮಂಜೂರು ಮಾಡಲು ಸಾಧ್ಯವಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸುತ್ತೇನೆ.

ಕಾರಣ ನಿನಗೆ ಗೊತ್ತಿರಬೇಕಿತ್ತು. ನ್ಯಾಯಾಲಯದ ಹೊರಗೋಡೆಗೆ ಬೆನ್ನು ಕೊಟ್ಟು, ಮಡಿಸುವ ಮೇಜನ್ನು ಮುಂದಿಟ್ಟುಕೊಂಡು, ನಾನು ಆಯುಷ್ಯದ ಬಹುಭಾಗ ಅರ್ಜಿ ಬರೆದವನು. ನನ್ನ ಗುರುಗಳು ಬರೆದ ಅರ್ಜಿಗಳನ್ನು ವರ್ಷಗಟ್ಟಲೆ ನಕಲು ಮಾಡಿ ಮಾಡಿ ಈ ಶೈಲಿ ನನಗೆ ಕೈವಶವಾಯಿತು. ನನ್ನ ಮೇಜಿನ ಮುಂದೆ ನಿಂತು ಹೆಬ್ಬೆಟ್ಟು ಒತ್ತಿದವರಿಗೆ ಲೆಕ್ಕವಿಲ್ಲ. ಅವರ ಬೆರಳು ಹಿಡಿದು ಒತ್ತಿಸಿದ್ದು ಈ ಕೈ. ಇದು ಒತ್ತಿಸಿದ ಕೈಯೇ ಹೊರತು ಒತ್ತಿದ ಕೈಯಲ್ಲ. ನ್ಯಾಯಾಲಯದ ಹಿರಿಯ ಗುಮಾಸ್ತರೊಬ್ಬರು ನನ್ನ ಸಹಿಯನ್ನು ನೋಡಿ, "ನಿಮ್ಮ ಸಹಿಗೇ ಒಂದು ಚೌಕಟ್ಟು ಹಾಕಿಸ್ಬೇಕು ಕಣ್ರೀ" ಎಂದಿದ್ದರು. ಅಂಥವನು ಈಗ ಮಸಿ ಡಬ್ಬಿಯಲ್ಲಿ ಬೆರಳದ್ದಿ, ಓದುಬಾರದವನಂತೆ ಕಾಗದದ ಮೇಲೆ ಊರಬೇಕೇ? ನಿನ್ನ ಅಧ್ಯಯನಕ್ಕೆ ಬೇರೆ ಮುದುಕರನ್ನು ಹುಡುಕಿಕೊಳ್ಳತಕ್ಕದ್ದು.

ಇನ್ನೊಂದು ಅಂಶ. ನಿನ್ನ ಅಪ್ಪ ನನಗೆ ಒಂದು ಸಾಲು ಬರೆದು ಮೂವತ್ತು ವರ್ಷಕ್ಕೂ ಮೇಲಾಯಿತು. ನೀನು ಚಿಕ್ಕವಳಿದ್ದಾಗ ರಜೆಗೆ ನಿನ್ನನ್ನು ಕರೆತಂದು, ನಮ್ಮ ಬೀದಿಯ ತಿರುವಿನಲ್ಲಿ ದರ್ಜಿಯ ಅಂಗಡಿಯ ಬಳಿ ನಿನ್ನ ಕೈ ಬಿಟ್ಟು, ನೀನು ನನ್ನ ಹೊಸ್ತಿಲು ದಾಟುವವರೆಗೆ ನಿಂತು ನೋಡಿ ಹಿಂದಿರುಗುತ್ತಿದ್ದ. ನಾನು ಕಿಟಕಿಯಿಂದ ಅವನ ಬೆನ್ನನ್ನಷ್ಟೇ ನೋಡುತ್ತಿದ್ದೆ. ಸೆರೆಮನೆಯಿಂದ ಅವನನ್ನು ಅವಧಿಗೆ ಮುನ್ನವೇ ಹೊರತಂದದ್ದು ನನ್ನ ಅರ್ಜಿ. ಬಿಡಿಸಿ ತಂದವನ ಮೇಲೆ ಯಾತಕ್ಕೆ ಮುನಿಸು, ಇಂದಿಗೂ ನನಗೆ ತಿಳಿದಿಲ್ಲ. ಅವನು ಎಂದಾದರೂ ನನ್ನನ್ನು ವಿಚಾರಿಸುತ್ತಾನೆಯೇ? ಅವನ ಕೈಬರಹದ ಒಂದು ಸಾಲು ನೋಡಿ ಕಣ್ಣು ಮುಚ್ಚಬೇಕೆಂದು ಆಸೆ. ಇದನ್ನು ನಾನು ಕೇಳಿದೆನೆಂದು ಅವನಿಗೆ ತಿಳಿಸತಕ್ಕದ್ದಲ್ಲ.

ಇತಿ ನಿನ್ನ ಹಿತವನ್ನೇ ಬಯಸುವ,
ದೊಡ್ಡಪ್ಪ


ಜನವರಿ ೨೭

ದೊಡ್ಡಪ್ಪನವರ ಸಮಕ್ಷಮಕ್ಕೆ ಮಸಿಕುಡಿಕೆಯ ಮರು ಅರ್ಜಿ.

ನಿಮ್ಮ ಪತ್ರ ಬಂತು. ಕಾರ್ಡುಗಳನ್ನು ವಾಪಸು ಕಳಿಸಬೇಡಿ, ನಿಮ್ಮಲ್ಲೇ ಇರಲಿ. ಮನಸ್ಸು ಬದಲಾದರೆ ಒಂದು ಮಾತು ನೆನಪಿಡಿ: ನೀವೊಬ್ಬರೇ ಹಾಕಿಕೊಳ್ಳಬೇಡಿ. ಅರ್ಜಿಯ ಮೇಲೆ ಒತ್ತುವ ಹಾಗಲ್ಲ ಇದು. ಉಗುರಿನ ಈ ಬದಿಯಿಂದ ಆ ಬದಿಯವರೆಗೆ ಬೆರಳನ್ನು ಮೆಲ್ಲಗೆ ಉರುಳಿಸಬೇಕು. ಕೈ ಕೊಟ್ಟವರು ಸಡಿಲ ಬಿಡಬೇಕು, ಇನ್ನೊಬ್ಬರು ಹಿಡಿದು ಉರುಳಿಸಬೇಕು. ತಾವೇ ಹಾಕಿಕೊಂಡವರದ್ದು ಯಾವಾಗಲೂ ಕಲಸಿಹೋಗುತ್ತದೆ.

ಬೆರಳಿನ ಗೆರೆಗಳಲ್ಲಿ ಮುಖ್ಯವಾಗಿ ಮೂರು ಬಗೆ, ದೊಡ್ಡಪ್ಪ. ನೀರಿನ ಸುಳಿಯಂತೆ ಸುತ್ತಿಕೊಂಡದ್ದು ಸುಳಿ. ಒಂದು ಬದಿಯಿಂದ ಬಂದು ಬಾಗಿ ಅದೇ ಬದಿಗೆ ಮರಳುವುದು ಕುಣಿಕೆ. ಸೇತುವೆಯಂತೆ ಏರಿ ಇಳಿಯುವುದು ಕಮಾನು. ನಾನು ಕೆಲಸ ಮಾಡುವುದು ಸೆರೆಮನೆಯ ಮರಗೆಲಸದ ಕೊಠಡಿಯ ಪಕ್ಕ. ಉದ್ದನೆ ಮೇಜಿನ ಮೇಲೆ ನನ್ನ ಗಾಜಿನ ಹಲಗೆ, ಮಸಿ ಹಚ್ಚುವ ಉರುಳೆ, ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ. ಒಪ್ಪಿದವರು ಮಾತ್ರ ಸಾಲಾಗಿ ಬರುತ್ತಾರೆ, ತಲೆಯ ಮೇಲೆ ಮರದ ಹೊಟ್ಟು ಹೊತ್ತುಕೊಂಡೇ. ಮೊದಲ ವಾರ ಒಬ್ಬ ಮುದುಕನ ಕೈ ಹಿಡಿದು, "ಅಜ್ಜಾ, ನಿಮಗೆ ಎಂಟು ಬೆರಳಲ್ಲೂ ಕುಣಿಕೆ" ಎಂದೆ. ಸಾಲಿನಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಮುದುಕ ನಿಧಾನವಾಗಿ ಹೇಳಿದ, "ತಾಯೀ, ಈ ಜಾಗದಲ್ಲಿ ಆ ಮಾತು ಬೇಡ. ಬೇರೆ ಹೆಸರಿಲ್ವಾ?" ನಾಚಿಕೆಯಿಂದ ನನಗೆ ಭೂಮಿಗಿಳಿದುಹೋದಂತಾಯಿತು. "ತಿರುವು ಅನ್ನೋಣ್ವಾ?" ಎಂದೆ. ಅವನು ಬೆರಳನ್ನು ತಿರುಗಿಸಿ ನೋಡಿಕೊಂಡು, "ತಿರುವು ಪರವಾಗಿಲ್ಲ. ಅದು ಎಲ್ಲಾರಿಗೂ ಬರತ್ತೆ" ಎಂದ. ಅಂದಿನಿಂದ ನನ್ನ ಕೆಲಸದಲ್ಲಿ ಕುಣಿಕೆ ಎಂಬ ಪದ ಇಲ್ಲ.

ನಮ್ಮ ಪ್ರೊಫೆಸರು ಮಾತ್ರ, "ನೋಡಮ್ಮ, ಏನಾದ್ರೂ ವ್ಯತ್ಯಾಸ ಸಿಕ್ಕಿದ್ರೆ ನಾಲ್ಕು ಜನ ಓದ್ತಾರೆ. ಎರಡೂ ಒಂದೇ ಅಂದ್ರೆ ಯಾರು ಕೇಳ್ತಾರೆ?" ಎನ್ನುತ್ತಾರೆ. ನನಗೆ ಒಳಗೊಳಗೇ ಹೆದರಿಕೆ. ವ್ಯತ್ಯಾಸ ಸಿಕ್ಕರೆ ಮೊದಲು ನನ್ನ ಕೈಯನ್ನೇ ನೋಡಿಕೊಳ್ಳಬೇಕಲ್ಲ. ನನ್ನ ಎಡಗೈ ಹೆಬ್ಬೆರಳಲ್ಲಿ ಸುಳಿ ಇದೆ. ಅದು ಯಾರಿಂದ ಬಂತೋ ಗೊತ್ತಿಲ್ಲ, ಅಪ್ಪ ನನಗೆ ಕೈ ತೋರಿಸುವುದಿಲ್ಲ.

ಅಪ್ಪ ನನ್ನ ಯಾವ ಗುಂಪಿಗೂ ಸೇರುವುದಿಲ್ಲ. ಈಗ ಒಳಗಿರುವವರು ಒಂದು ಕಡೆ, ಎಂದೂ ಶಿಕ್ಷೆಯಾಗದವರು ಇನ್ನೊಂದು ಕಡೆ. ಇದನ್ನು ಹೇಳಿದಾಗ ಅಪ್ಪ, "ಒಳಗೂ ಇಲ್ಲ, ಹೊರಗೂ ಇಲ್ಲ. ಚೆನ್ನಾಗಿದೆ. ಹೊಸ್ತಿಲ ಮೇಲೆ ಒಂದು ಕುರ್ಚಿ ಹಾಕ್ಕೊಡು" ಎಂದರು.

ಈಗ ನೀವು ಅಪ್ಪನಿಗೆ ತಿಳಿಸಬಾರದೆಂದು ಕೇಳಿದ ವಿಷಯ. ನೀವು ಕೇಳಿದಿರೆಂದು ನಾನು ಹೇಳಲಿಲ್ಲ. ನೀವು ಬೆರಳಚ್ಚು ಕೊಡಲು ಒಪ್ಪಲಿಲ್ಲ ಎಂದಷ್ಟೇ ಹೇಳಿದೆ. ಅಪ್ಪ ಕುಂಚ ತೊಳೆಯುತ್ತಿದ್ದರು. "ಹೌದಾ? ಅರ್ಜಿ ಸಾಹೇಬ್ರಿಗೆ ಹೆಬ್ಬೆಟ್ಟು ಒತ್ತೋಕೆ ಕಷ್ಟವಂತಾ?" ಎಂದು ನಕ್ಕರು. ದೊಡ್ಡಪ್ಪ, ಅಪ್ಪ ಅಷ್ಟು ಹೊತ್ತು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಕುಂಚ ತೊಳೆದದ್ದನ್ನೇ ತೊಳೆಯುತ್ತಾ ಕೂತರು, ನೀರು ತಿಳಿಯಾದ ಮೇಲೂ.

ಏನು ನಡೆದಿತ್ತು, ಹೇಳಿ.

ನಿಮ್ಮ ಪ್ರೀತಿಯ,
ಮಸಿಕುಡಿಕೆ


ಫೆಬ್ರವರಿ ೧೮

ಚಿರಂಜೀವಿ ಮಸಿಕುಡಿಕೆಗೆ,

ವಿಷಯ: ಪೂರ್ವವೃತ್ತಾಂತ.

ಉಲ್ಲೇಖ: ನಿನ್ನ ಮರು ಅರ್ಜಿ.

ನೀನು ಕೇಳಿದ್ದಕ್ಕೆ ಮೊದಲಿನಿಂದ ಹೇಳುವುದೇ ಯುಕ್ತ. ನಿನ್ನ ತಾತ, ಅಂದರೆ ನಮ್ಮ ಅಪ್ಪ, ಮನೆಗಳಿಗೆ ಬಣ್ಣ ಬಳಿಯುವವರು. ಅವರ ಅಂಗಿಯನ್ನು ನೋಡಿ ಆ ತಿಂಗಳು ಊರಿನಲ್ಲಿ ಯಾವ ಬಣ್ಣದ ಮನೆಗಳು ಎದ್ದಿವೆಯೆಂದು ಹೇಳಬಹುದಾಗಿತ್ತು. ಒಮ್ಮೆ ಮಿಕ್ಕ ಹಸಿರು ಬಣ್ಣವನ್ನು ತಂದು ನಮ್ಮ ಮನೆಯ ಮುಂಬಾಗಿಲಿಗೇ ಬಳಿದರು. "ಒಣಗೋ ತನಕ ಯಾರಾದ್ರೂ ಮುಟ್ಟಿದ್ರೆ ನೋಡಿ ಮತ್ತೆ" ಎಂದು ಅಪ್ಪಣೆಯಾಯಿತು. ನನಗೆ ಹತ್ತು ವರ್ಷ, ಚಿಕ್ಕೋನಿಗೆ, ಅಂದರೆ ನಿನ್ನ ಅಪ್ಪನಿಗೆ, ಆರು. ಊಟ ಮುಗಿಸಿ ಬಂದು ನೋಡಿದರೆ ಬಾಗಿಲ ನಟ್ಟನಡುವೆ ಒಂದು ಬೆರಳಿನ ಗುರುತು.

"ಯಾವನೋ ಅದು?"

"ನಾನಲ್ಲಪ್ಪ, ಚಿಕ್ಕೋನು."

"ನಾನಲ್ಲಪ್ಪ, ಅಣ್ಣ."

ಅಪ್ಪ ನಮ್ಮಿಬ್ಬರ ಬೆರಳುಗಳನ್ನೂ ಬಣ್ಣದಲ್ಲಿ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಒತ್ತಿಸಿದರು. ನನ್ನ ಹೆಬ್ಬೆರಳಿನಲ್ಲಿ ನೀನು ಈಗ ತಿರುವು ಎನ್ನುತ್ತೀಯಲ್ಲ, ಅದು. ಚಿಕ್ಕೋನದ್ದು ಸುಳಿ. ಬಾಗಿಲ ಮೇಲಿದ್ದದ್ದೂ ಸುಳಿ. ಅಪ್ಪ ಅವನ ಕಿವಿ ಹಿಡಿದರು. ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು, "ಅಳತೆ ನೋಡಿ ಸ್ವಲ್ಪ. ಆರು ವರ್ಷದ ಮಗುಗೆ ಇಷ್ಟು ದಪ್ಪ ಹೆಬ್ಬೆರಳಾ? ಎಲ್ಲಿ, ನಿಮ್ಮ ಕೈ ಕೊಡಿ" ಎಂದರು. ಗುರುತು ಅಪ್ಪನದೇ. ಒಣಗಿದೆಯೋ ಎಂದು ತಾವೇ ಮುಟ್ಟಿ ನೋಡಿ ಮರೆತಿದ್ದರು. ಅಪ್ಪ ಸೋಲೊಪ್ಪುವವರಲ್ಲ. "ಯಜಮಾನ ಮುಟ್ಟಿದ್ರೆ ಪರೀಕ್ಷೆ, ಮಕ್ಕಳು ಮುಟ್ಟಿದ್ರೆ ತಪ್ಪು" ಎಂದು ತೀರ್ಪಿತ್ತು ಒಳಗೆ ಹೋದರು. ಅಮ್ಮ ನಕ್ಕದ್ದು ಸಂಜೆಯವರೆಗೂ ಕೇಳಿಸುತ್ತಿತ್ತು. ನಿನ್ನ ಹೆಬ್ಬೆರಳಿನ ಸುಳಿ ಎಲ್ಲಿಂದ ಬಂತೆಂದು ಕೇಳಿದೆಯಷ್ಟೆ. ಆ ಬಾಗಿಲಿನಿಂದ ಬಂತು.

ಬಣ್ಣ ಚಿಕ್ಕೋನಿಗೆ ಒಲಿಯಿತು, ಮಸಿ ನನಗೆ ಒಲಿಯಿತು. ಅವನು ಬಳಿಯುವುದನ್ನು ಬಿಟ್ಟು ಅಕ್ಷರ ಬರೆಯತೊಡಗಿದ. ಅಂಗಡಿಗಳ ಹೆಸರುಹಲಗೆಗಳು ಒಂದೊಂದಾಗಿ ಅವನ ಕೈಗೆ ಬಂದವು. ಅಳತೆಪಟ್ಟಿಯಿಲ್ಲದೆ, ದಾರ ಹಿಡಿಯದೆ, ಬರಿಗಣ್ಣಿನಲ್ಲೇ ಗೆರೆ ನೇರ. ಹಲಗೆಯ ಮೂಲೆಯಲ್ಲಿ ತನ್ನ ಸಹಿ ಹಾಕುತ್ತಿದ್ದ. ಆ ಸಹಿಗೆ ಒಂದು ಬಾಲ. ಕೊನೆಯ ಅಕ್ಷರದಿಂದ ಹೊರಟು, ಹೆಸರಿನ ಕೆಳಗೆ ಪೂರ್ತಿ ಹರಿದು, ಮತ್ತೆ ಮೇಲೇರಿ ಒಂದು ಚುಕ್ಕೆಯಲ್ಲಿ ನಿಲ್ಲುತ್ತಿತ್ತು. ಅಪ್ಪ, "ಇವನ ಸಹಿ ಮುಗಿಯೋಷ್ಟರಲ್ಲಿ ಊಟ ತಣ್ಣಗಾಗತ್ತೆ" ಎನ್ನುತ್ತಿದ್ದರು. ನನ್ನ ಸಹಿಯನ್ನು ಗುಮಾಸ್ತರು ಹೊಗಳಿದ್ದನ್ನು ಬರೆದಿದ್ದೆನಲ್ಲ. ಮನೆಯಲ್ಲಿ ಎರಡನೆಯ ಒಳ್ಳೆಯ ಸಹಿ ಅದು.

ಮುಂದಿನದು ನಿನಗೆ ಗೊತ್ತು. ಹೊಸ ಕಟ್ಟಡವೊಂದರ ಹಣೆಯ ಮೇಲೆ ಹೆಸರು ಬರೆಯುತ್ತಿದ್ದಾಗ ಅಟ್ಟಣಿಗೆಯ ಮೇಲೆ ಮೇಸ್ತ್ರಿಯೊಂದಿಗೆ ಮಾತಿಗೆ ಮಾತು ಬೆಳೆಯಿತು. ತೀರಿಹೋಗಿದ್ದ ನಮ್ಮ ಅಪ್ಪನ ವಿಷಯ ಮೇಸ್ತ್ರಿಯ ಬಾಯಲ್ಲಿ ಕೀಳಾಗಿ ಬಂತು. ಚಿಕ್ಕೋನು ಒಮ್ಮೆ ತಳ್ಳಿದ. ಆ ಮನುಷ್ಯ ಏಳಲಿಲ್ಲ. ತಳ್ಳಿಲ್ಲವೆಂದು ಅವನೂ ಹೇಳಲಿಲ್ಲ, ನಾನೂ ಬರೆಯಲಿಲ್ಲ. ಏಳು ವರ್ಷದ ಶಿಕ್ಷೆಯಾಯಿತು.

ನಾಲ್ಕನೆಯ ವರ್ಷ ನಾನು ಸರ್ಕಾರಕ್ಕೆ ಕ್ಷಮಾಯಾಚನೆಯ ಅರ್ಜಿ ಬರೆದೆ. ನಾನು ಬರೆದವುಗಳಲ್ಲೆಲ್ಲ ಅದೇ ಶ್ರೇಷ್ಠ. ನನ್ನ ಗುರುಗಳು ಹೇಳುತ್ತಿದ್ದರು: "ಅರ್ಜಿಯ ಕೆಳಗೆ ಸಹಿ ಇದ್ರೆ ಅಧಿಕಾರಿ ವಾದ ಓದ್ತಾನೆ. ಹೆಬ್ಬೆಟ್ಟಿದ್ರೆ ದುಃಖ ಓದ್ತಾನೆ." ಸೆರೆಮನೆಯ ಕಾಗದಗಳಲ್ಲಿ ಅವನ ಕಸುಬು 'ಬಣ್ಣ ಬಳಿಯುವವನು' ಎಂದಷ್ಟೇ ಇತ್ತು. ಅಕ್ಷರ ಬಲ್ಲನೇ ಎಂದು ಯಾರೂ ಕೇಳಿರಲಿಲ್ಲ. ನಾನು ಗುರುಗಳ ಮಾತನ್ನು ಪಾಲಿಸಿದೆ. ಸಂದರ್ಶನದ ಕೊಠಡಿಯಲ್ಲಿ, ತಂತಿಬಲೆಯ ಈಚೆ ನಿಂತು, ಅರ್ಜಿಯನ್ನು ಪೂರ್ತಿ ಓದಿ ಹೇಳಿದೆ. ಕಾವಲಿನವನೇ ಕಣ್ಣು ಒರೆಸಿಕೊಂಡ. ಬಲೆಯ ಕೆಳಗಿನ ಸಂದಿಯಲ್ಲಿ ಕಾಗದ ಜಾರಿಸಿ, ಮಸಿ ಮುಂದಿಟ್ಟೆ. ಚಿಕ್ಕೋನು ನನ್ನ ಮುಖ ನೋಡಿದ, ಎಡಗೈ ಚಾಚಿದ. ಆ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿಸಿದೆ. ಸುಳಿ ಸ್ಪಷ್ಟವಾಗಿ ಮೂಡಿತು, ಒಂದು ಗೆರೆಯೂ ಕಲಸಲಿಲ್ಲ.

ಅರ್ಜಿ ಮಂಜೂರಾಯಿತು. ಅವನು ಹೊರಬಂದ, ಬೇರೆ ಊರಿಗೆ ಹೋದ, ಮದುವೆಯಾದ, ನೀನು ಹುಟ್ಟಿದೆ. ಈ ಸಮಸ್ತವೂ ಆ ಒಂದು ಹಾಳೆಯ ಫಲ. ಇದರಲ್ಲಿ ಮುನಿಸಿಗೆ ಎಡೆಯೆಲ್ಲಿದೆ, ನೀನೇ ಹೇಳು.

ಇತಿ,
ದೊಡ್ಡಪ್ಪ


ಮಾರ್ಚ್ ೩೦

ದೊಡ್ಡಪ್ಪನವರಿಗೆ,

ಈ ಪತ್ರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಕೇಳದೆ ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಅಪ್ಪ ಬೀಗ ರಿಪೇರಿ ಅಂಗಡಿಯ ಹಲಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಹಸಿರು ಬಾಗಿಲಿನ ಕಥೆ ಬಂದಾಗ ಕುಂಚ ನಿಂತಿತು. "ಕಿವಿ ಹಿಡಿದಿದ್ದು ಬಲಗಿವಿ" ಎಂದರು. "ಅಮ್ಮ ನಗ್ತಾ ನಗ್ತಾ ಹಿಟ್ಟಿನ ಕೈಲಿ ನನ್ನ ಕಿವಿ ಸವರಿದ್ಳು. ಅದನ್ನ ಬರೆದಿಲ್ಲ ನೋಡು ಅವನು." ಅವರ ದನಿ ಆಗ ಮೆತ್ತಗಿತ್ತು. ಅರ್ಜಿಯ ಭಾಗಕ್ಕೆ ಬಂದಾಗ ಕೈ ತೋರಿಸಿ ನಿಲ್ಲಿಸಿದರು.

"ಅರ್ಜಿ ಶ್ರೇಷ್ಠ ಅಂದನಾ? ಹೌದು, ಶ್ರೇಷ್ಠವೇ. ನನಗೂ ಬಾಯಿಪಾಠ." ಹಲಗೆಯಿಂದ ಕಣ್ಣೆತ್ತದೆ ಒಪ್ಪಿಸಿದರು: "'ಅಕ್ಷರಜ್ಞಾನವಿಲ್ಲದ, ಸ್ವಂತ ಹೆಸರನ್ನೂ ಗುರುತಿಸಲಾರದ ಬಡಪಾಯಿ ಅರ್ಜಿದಾರನು...' ಅಲ್ಲಿ ನಿಲ್ಲಿಸಿ ಉಸಿರು ತಗೊಂಡಿದ್ದ ನಿಮ್ಮ ದೊಡ್ಡಪ್ಪ. ಚೆನ್ನಾಗಿ ಓದ್ದ."

ಈ ಸಾಲು ನಿಮ್ಮ ಪತ್ರದಲ್ಲಿ ಇರಲಿಲ್ಲ, ದೊಡ್ಡಪ್ಪ.

ಆಮೇಲಿನದನ್ನು ಅಪ್ಪ ನನ್ನ ಅಮ್ಮನಿಗೂ ಹೇಳಿರಲಿಲ್ಲವಂತೆ. ಬಿಡುಗಡೆಯಾದದ್ದು ಷರತ್ತಿನ ಮೇಲೆ. ಉಳಿದ ಶಿಕ್ಷೆ ಮುಗಿಯುವ ತನಕ, ಮೂರು ವರ್ಷ, ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಹಾಜರಿ ಕೊಡಬೇಕು. ಮೊದಲ ಸಲ ಹೋದಾಗ ಅಪ್ಪ ಲೇಖನಿ ಕೇಳಿದರು. ಅಲ್ಲಿದ್ದ ಪೇದೆ ಫೈಲು ತೆಗೆದು ನೋಡಿ, "ಇದರಲ್ಲಿ ನಿನಗೆ ಓದು ಬರಲ್ಲ ಅಂತಿದೆಯಲ್ಲಪ್ಪ. ಸಹಿ ಹಾಕಿದ್ರೆ ಅರ್ಜಿ ಸುಳ್ಳಾಗತ್ತೆ. ನೀನು ಒಳಗೆ ಹೋಗ್ತೀಯ, ಬರೆದೋನೂ ಜೊತೆಗೆ ಬರ್ತಾನೆ. ಏನ್ಮಾಡ್ತೀಯ?" ಎಂದನಂತೆ. ಅಪ್ಪ ಹೆಬ್ಬೆಟ್ಟು ಒತ್ತಿದರು.

ಮೂರು ವರ್ಷ ಅಪ್ಪ ಒಂದು ಅಕ್ಷರ ಬರೆಯಲಿಲ್ಲ. ಹಲಗೆ ಬರೆದರೆ ಯಾರಾದರೂ ನೋಡುತ್ತಾರೆ. ಪತ್ರ ಬರೆದರೆ ಅದು ಯಾರ ಕೈಗಾದರೂ ಸಿಗುತ್ತದೆ. ಸುಣ್ಣ ಹೊಡೆಯುವ ಕೆಲಸಕ್ಕೆ ಹೋದರು. ಬಸ್ಸಿನ ಹಲಗೆ ಓದಲು ಬಂದರೂ ಪಕ್ಕದವರನ್ನು ಕೇಳಿ ಹತ್ತಿದರು. ಒಮ್ಮೆ ಬೇರೆಯವನು ಬರೆದ ಅಂಗಡಿಯ ಹೆಸರಿನಲ್ಲಿ ಕೊಂಬು ಬಿಟ್ಟುಹೋಗಿತ್ತಂತೆ. ಎದುರಿನ ಗೋಡೆಗೆ ಸುಣ್ಣ ಹೊಡೆಯುತ್ತಾ ದಿನವಿಡೀ ಅದನ್ನೇ ನೋಡಿ, ಹೇಳಲಾರದೆ ಬಂದರಂತೆ. ಹೇಳುವಾಗ ನಕ್ಕರು. "ನಾಲ್ಕು ವರ್ಷ ಒಳಗಿದ್ದಾಗ್ಲೂ ನನ್ನ ಸಹಿ ನನ್ನ ಹತ್ರ ಇತ್ತು. ಹೊರಗೆ ಬರೋವಾಗ ಗೇಟಲ್ಲಿ ಕೊಟ್ಟು ಬಂದೆ" ಎಂದರು.

"ಹಾಗಾದ್ರೆ ಆಮೇಲಾದ್ರೂ ದೊಡ್ಡಪ್ಪನಿಗೆ ಬರೀಬಹುದಿತ್ತಲ್ಲ?" ಎಂದು ಕೇಳಿದೆ.

"ಮೂರು ವರ್ಷ ಹೆದರಿ ಬರೀಲಿಲ್ಲ, ಅವನಿಗೆ ಎಲ್ಲಿ ತೊಂದ್ರೆ ಆಗತ್ತೋ ಅಂತ. ಆಮೇಲೆ ಸಿಟ್ಟಿಗೆ ಬರೀಲಿಲ್ಲ. ಆಮೇಲೆ ಯಾಕೆ ಬರೀತಿಲ್ಲ ಅನ್ನೋದು ಮರೆತುಹೋಯ್ತು. ಬರೀದೇ ಇರೋದೊಂದು ಉಳೀತು."

ನಾನು ಅಪ್ಪನ ಬೆರಳಚ್ಚು ಕೇಳಿದೆ, ಯಾವ ಗುಂಪಿಗೂ ಅಲ್ಲ, ನನಗೋಸ್ಕರ. "ಒತ್ತಿದ್ದೆಲ್ಲ ಸಾಕು ಮಗಳೇ" ಎಂದು ಹಲಗೆಯ ಮೂಲೆಯಲ್ಲಿ ಸಹಿ ಹಾಕತೊಡಗಿದರು.

ನಿಮ್ಮ ತಪ್ಪೆಂದು ಬರೆಯುತ್ತಿಲ್ಲ, ದೊಡ್ಡಪ್ಪ. ನೀವು ಆ ಹಾಳೆ ಬರೆಯದಿದ್ದರೆ ನಾನು ಇರುತ್ತಿರಲಿಲ್ಲ. ಅದೂ ನಿಜವೇ.

ನಿಮ್ಮ,
ಮಸಿಕುಡಿಕೆ


ಏಪ್ರಿಲ್ ೧೧

ಚಿರಂಜೀವಿಗೆ,

ನಿನ್ನ ಪತ್ರ ತಲುಪಿದೆ. ಅದರಲ್ಲಿನ ವಿಷಯವು ಪರಿಶೀಲನೆಯಲ್ಲಿದೆ.

ಇತಿ,
ದೊಡ್ಡಪ್ಪ


ಜೂನ್ ೨೨

ಪ್ರೀತಿಯ ದೊಡ್ಡಪ್ಪನವರಿಗೆ,

ಪರಿಶೀಲನೆ ಇಷ್ಟು ದೀರ್ಘವಾದರೆ ಅರ್ಜಿದಾರರು ಏನು ತಿಳಿಯಬೇಕು? ಎರಡು ಸಲ ಬರೆದೆ, ಉತ್ತರವಿಲ್ಲ. ನಿಮ್ಮ ಬೀದಿಯ ದರ್ಜಿಗೆ ಫೋನ್ ಮಾಡಿ ವಿಚಾರಿಸಿದೆ. "ಇದಾರೆ ಇದಾರೆ, ಬಾಗಿಲು ತೆಗೀತಾರೆ, ಹಾಕ್ತಾರೆ. ನನ್ನ ಅಂಗಡಿ ಹತ್ರ ಬಂದು ನಿಂತ್ಕೋತಾರೆ, ಬಟ್ಟೆ ಏನೂ ಹೊಲಿಸಲ್ಲ" ಎಂದರು. ನಿಂತು ಏನು ನೋಡುತ್ತೀರಿ ಎಂದು ನಾನು ಕೇಳುವುದಿಲ್ಲ.

ನನ್ನ ಕೆಲಸ ಮುಗಿಯಿತು. ಎಲ್ಲ ಕಾರ್ಡುಗಳನ್ನೂ ಎರಡು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಸುಳಿ, ತಿರುವು, ಕಮಾನು ಎಂದು ಗುರುತಿಸುತ್ತಾ ಬಂದೆ. ಒಂದು ಮಧ್ಯಾಹ್ನ ಕಿಟಕಿಯಿಂದ ಗಾಳಿ ನುಗ್ಗಿ ಎರಡೂ ಮೇಜಿನ ಕಾರ್ಡುಗಳು ನೆಲಕ್ಕೆ ಬಿದ್ದು ಬೆರೆತುಹೋದವು. ಹಿಂಬದಿಯ ಗುರುತು ನೋಡದೆ ಯಾವುದು ಒಳಗಿನದು, ಯಾವುದು ಹೊರಗಿನದು ಹೇಳಬಲ್ಲೆನೇ ಎಂದು ನೆಲದ ಮೇಲೆ ಕೂತು ಪ್ರಯತ್ನಿಸಿದೆ. ಆಗಲಿಲ್ಲ. ಲೆಕ್ಕ ಹಾಕಿದ ಮೇಲೂ ಅದೇ. ನಾನು ನೋಡಿದ ಇಷ್ಟು ಜನರಲ್ಲಿ, ಇಷ್ಟರಲ್ಲಿ ಮಾತ್ರ, ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಎರಡೂ ಕಡೆ ತಿರುವೇ ಹೆಚ್ಚು. ಪ್ರೊಫೆಸರು ನಿಟ್ಟುಸಿರು ಬಿಟ್ಟು, "ಸರಿ, ಇದ್ದದ್ದನ್ನ ಇದ್ದ ಹಾಗೆ ಬರಿ" ಎಂದರು. ಮರಗೆಲಸದ ಮುದುಕನಿಗೆ ಹೋಗಿ ಹೇಳಿದೆ. ಅವನು ಉಳಿ ಮಸೆಯುತ್ತಾ, "ಇದನ್ನ ತಿಳ್ಕೊಳೋಕೆ ಇಷ್ಟು ಮಸಿ ಖರ್ಚು ಮಾಡಿದ್ಯಾ ತಾಯೀ?" ಎಂದ.

ಇನ್ನು ನಿಮ್ಮ ಬೆರಳಚ್ಚು ನನಗೆ ಬೇಕಾಗಿಲ್ಲ. ನಿಮ್ಮ ಪತ್ರ ಬೇಕು.

ನಿಮ್ಮ,
ಮಸಿಕುಡಿಕೆ


ಜುಲೈ ೮

ಚಿರಂಜೀವಿ ಮಸಿಕುಡಿಕೆಗೆ ದೊಡ್ಡಪ್ಪನ ಆಶೀರ್ವಾದ.

ವಿಷಯ: ವಿಳಂಬಕ್ಕೆ ಕಾರಣ, ಹಾಗೂ ಒಂದು ಅಡಕ.

ನಿನ್ನ ಅಧ್ಯಯನದ ಫಲಿತಾಂಶ ತಿಳಿದು ಮನಸ್ಸಿಗೆ ಹಿತವಾಯಿತು. ಬೆರಳಚ್ಚು ಬೇಡವೆಂದು ನೀನು ಬರೆದ ಪತ್ರ ಬರುವ ಮೊದಲೇ ನಾನು ಆ ಡಬ್ಬಿ ತೆರೆದಿದ್ದೆ. ನಿನ್ನ ಸೂಚನೆಯನ್ನು ಮೀರಿ ಒಬ್ಬನೇ ಕೂತೆ. ಹಿಡಿಯಲು ಮನೆಯಲ್ಲಿ ಯಾರಿದ್ದಾರೆ? ನಿನ್ನ ದೊಡ್ಡಮ್ಮ ಇದ್ದಿದ್ದರೆ, "ಮೇಜಿನ ಮೇಲೆ ಪೇಪರ್ ಹಾಸ್ಕೊಂಡು ಮಾಡಬಾರ್ದಾ" ಎಂದು ಬೈದು, ಆಮೇಲೆ ಹಿಡಿಯುತ್ತಿದ್ದಳು. ಬಲಗೈಯಿಂದ ಎಡಗೈಯನ್ನು ಹಿಡಿದರೆ ಎಡಗೈ ಬಿಗಿಯುತ್ತದೆ, ಸಡಿಲ ಬಿಟ್ಟರೆ ಬಲಗೈ ಜಾರುತ್ತದೆ. ಮಸಿ ಮೇಜಿಗೆ, ಲೋಟಕ್ಕೆ, ಕನ್ನಡಕದ ಕಡ್ಡಿಗೆ, ಕೊನೆಗೆ ಹಣೆಗೂ ತಗುಲಿತು. ಕಾರ್ಡಿನ ಮೇಲೆ ಹತ್ತೂ ಬೆರಳು ಒಡೆದ ಗೋಲಿಗಳಂತೆ ಬಿದ್ದವು. ಒಂದು ಕಾರ್ಡು ಹಾಳಾಯಿತು, ಒಂದು ಉಳಿದಿದೆ.

ಆ ಕಾರ್ಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ನನ್ನದೆಂದು ಹೇಳಲು ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅದೇ ಹೊತ್ತಿಗೆ ಅಂಚೆಯವನು ಬಂದು ನೋಂದಾಯಿತ ಪತ್ರವೊಂದನ್ನು ಮುಂದಿಟ್ಟು, ನನ್ನ ಕೈ ನೋಡಿ, "ಬಿಡಿ ಸಾರ್, ಪೆನ್ನು ಗಲೀಜಾಗತ್ತೆ, ಹೆಬ್ಬೆಟ್ಟೇ ಒತ್ತಿಬಿಡಿ" ಎಂದ. ಒತ್ತಿದೆ. ಅವನು ನನ್ನ ಮುಖ ನೋಡದೆ ಹಾಳೆ ಮಡಿಸಿಕೊಂಡು ಹೋದ. ಅವನದು ತಪ್ಪಲ್ಲ. ನಾನೂ ನನ್ನ ಮೇಜಿನ ಮುಂದೆ ನಿಂತವರ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಇದರೊಂದಿಗೆ ಒಂದು ಅರ್ಜಿಯನ್ನು ಲಗತ್ತಿಸಿದೆ. ಇದನ್ನು ನಿನ್ನ ಅಪ್ಪನ ಕೈಯಲ್ಲೇ ಕೊಡತಕ್ಕದ್ದು. ನೀನು ಓದಿ ಹೇಳತಕ್ಕದ್ದಲ್ಲ. ಅವನಿಗೆ ಓದಲು ಬರುತ್ತದೆ.

ಇತಿ,
ದೊಡ್ಡಪ್ಪ


ಜುಲೈ ೮

ಅಕ್ಷರಬ್ರಹ್ಮರೂ, ಹೆಸರುಹಲಗೆಗಳ ಕರ್ತೃಗಳೂ, ನಮ್ಮ ಹಸಿರು ಬಾಗಿಲಿನ ಚಿಕ್ಕ ಯಜಮಾನರೂ ಆದ ತಮ್ಮ ಸಮ್ಮುಖಕ್ಕೆ, ಸದರಿಯವರ ಅಣ್ಣನಾದವನು ಅತ್ಯಂತ ವಿನಯದಿಂದ ಸಲ್ಲಿಸಿಕೊಳ್ಳುವ ಅರ್ಜಿ.

ಅರ್ಜಿದಾರನು ಮೇಲ್ಕಂಡ ತಾವು ಆರು ವರ್ಷದವರಾಗಿದ್ದಾಗಿನಿಂದ ತಮ್ಮ ಕೈಬರಹವನ್ನು ಬಲ್ಲವನಾಗಿರುತ್ತಾನೆ. ಸ್ಲೇಟಿನ ಮೇಲೆ ತಾವು ಮೊದಲ ಸಲ ಸ್ವಂತ ಹೆಸರು ಬರೆದಾಗ ಅದರ ಕೊನೆಯಲ್ಲಿ ಬಾಲ ಎಳೆದದ್ದಕ್ಕೆ ಅರ್ಜಿದಾರನೇ ಸಾಕ್ಷಿ. ಅದನ್ನು ಅಳಿಸಬಾರದೆಂದು ತಾವು ಅತ್ತದ್ದರಿಂದ, ಇಬ್ಬರಿಗೂ ಇದ್ದ ಒಂದೇ ಸ್ಲೇಟನ್ನು ಮಾರನೆಯ ದಿನ ಶಾಲೆಗೆ ಒಯ್ಯದೆ, ಅರ್ಜಿದಾರನು ಮೇಷ್ಟರಿಂದ ಏಟು ತಿಂದಿರುತ್ತಾನೆ. ಸ್ಲೇಟಿನ ಮೇಲಿನ ಆ ಹೆಸರು ಗೋಡೆಯ ಗೂಡಿನಲ್ಲಿ ಬಹಳ ದಿನ ಹಾಗೆಯೇ ಇತ್ತು.

ಅರ್ಜಿದಾರನು ಜೀವನಪರ್ಯಂತ ಅಕ್ಷರವನ್ನೇ ನಂಬಿ ಉಂಡವನಾದರೂ, ಇಲ್ಲಿ ಬರೆಯಬೇಕಾದ ಮಾತಿಗೆ ಅವನ ಗುರುಗಳ ಯಾವ ನಕಲಿನಲ್ಲೂ ಮಾದರಿ ಸಿಗಲಿಲ್ಲ. ಮೂರು ತಿಂಗಳು ಹುಡುಕಿದ್ದಾಯಿತು.

ಆದಕಾರಣ ಪ್ರಾರ್ಥನೆ ಏನೆಂದರೆ, ತಾವು ದಯಮಾಡಿ ಸ್ವಹಸ್ತದಿಂದ ಒಂದು ಸಾಲು ಬರೆಯಬೇಕು. ಬೈದು ಬರೆದರೂ ಆಕ್ಷೇಪಣೆಯಿಲ್ಲ. ಕೆಳಗೆ ಸಹಿ ಇರಬೇಕು.

ಈ ಅರ್ಜಿಯನ್ನು ಅರ್ಜಿದಾರನು ತಾನೇ ಓದಿಕೊಂಡು, ಸರಿಯಿದೆಯೆಂದು ಒಪ್ಪಿ ಒತ್ತಿದ

ಎಡಗೈ ಹೆಬ್ಬೆಟ್ಟಿನ ಗುರುತು


ಜುಲೈ ೧೯

ಅಣ್ಣನಿಗೆ,

ಅರ್ಜಿ ಬಂತು. ಮಗಳು ಬಾಗಿಲ ಹಿಂದೆ ನಿಂತಿದ್ದಳು. ಓದಿದೆ, ಎರಡು ಸಲ.

ಹೆಬ್ಬೆಟ್ಟು ಸರಿಯಾಗಿ ಬಿದ್ದಿಲ್ಲ. ಮಸಿ ಜಾಸ್ತಿ. ಸುಳಿಯೋ ತಿರುವೋ ದೇವರಿಗೇ ಗೊತ್ತು. ಊರಿಗೆಲ್ಲ ಒತ್ತಿಸಿದ್ದೀಯ, ನಿನಗೆ ಒತ್ತೋಕೆ ಬರಲ್ಲ. ಈ ಗುರುತು ಇಟ್ಟುಕೊಂಡು ಯಾವ ಪೋಲೀಸಿನವನೂ ನಿನ್ನನ್ನು ಹಿಡಿಯಲಾರ.

ಕೈ ಬಿಗಿ ಹಿಡಿದಿರುತ್ತೀಯ. ಹಾಗೆ ಮಾಡಬಾರದು. ಒಳಗೆ ಹೋದ ದಿನ ಮೊದಲು ಅದನ್ನೇ ಹೇಳಿಕೊಡುತ್ತಾರೆ: ಕೈ ನಿನ್ನದಲ್ಲ ಅಂದ್ಕೋ, ಹಿಡಿದವನಿಗೆ ಬಿಟ್ಟುಬಿಡು. ನನಗೆ ಅದು ಬಂದಿದ್ದು ಆ ದಿನ ಅಲ್ಲ. ನಾಲ್ಕನೇ ವರ್ಷ, ತಂತಿಬಲೆಯ ಕೆಳಗೆ ನೀನು ಹಿಡಿದಾಗ. ಅದಕ್ಕೇ ಅದು ಅಷ್ಟು ಸ್ಪಷ್ಟವಾಗಿ ಬಿತ್ತು. ಸಿಟ್ಟು ಬಂದಿದ್ದು ಆಮೇಲೆ.

ಸ್ಲೇಟಿನ ವಿಷಯ ನನಗೆ ನೆನಪಿರಲಿಲ್ಲ.

ಒಂದು ಕಾರ್ಡು ಉಳಿದಿದೆ ಅಂತ ಮಗಳಿಗೆ ಬರೆದಿದ್ದೀಯಂತೆ. ಅದನ್ನು ಹಾಳು ಮಾಡಬೇಡ. ಶನಿವಾರ ಬರುತ್ತೇನೆ. ದರ್ಜಿ ಅಂಗಡಿ ಹತ್ತಿರ ಬಂದು ನಿಲ್ಲಬೇಡ, ಮನೆಯಲ್ಲೇ ಇರು. ನಿನ್ನ ಐದು ಬೆರಳು ನಾನು ಹಿಡಿಯುತ್ತೇನೆ, ಅದೇ ಕಾರ್ಡಿನಲ್ಲಿ ನನ್ನ ಐದು ನೀನು ಹಿಡಿ. ಯಾವ ಗುಂಪಿಗೆ ಹಾಕುತ್ತಾಳೋ ಹಾಕಲಿ.

ನೀನು ಒಂದು ಸಾಲು ಕೇಳಿದ್ದೆ, ಇಷ್ಟಾಯಿತು. ಸಹಿಗೆ ಜಾಗ ಸಾಲದೆ ಬಾಲ ಹಾಳೆಯ ಹಿಂಬದಿಗೆ ಹೋಗಿದೆ, ತಿರುಗಿಸಿ ನೋಡು. ಅಪ್ಪ ಇದ್ದಿದ್ದರೆ ಊಟ ತಣ್ಣಗಾಯ್ತು ಅಂತಿದ್ದರು.

ಇತಿ ನಿನ್ನ,
ಚಿಕ್ಕೋನು
(ಸಹಿ)